ಕ್ಯಾಮ್‌ಶಾಫ್ಟಿನ ಮೇಲಿನ ಚುಕ್ಕಿ

ಕಾರಿಗೆ ಯಾವ ಕ್ಯಾಮ್ ಹಾಕಿಸಲಿ ಎಂದು ಕೇಳಿಕೊಂಡು ಈಗಲೂ ಹುಡುಗರು ನನಗೆ ಫೋನ್ ಮಾಡುತ್ತಾರೆ. ಮಲಾಡಿನ ಗ್ಯಾರೇಜು ಬಿಟ್ಟು ನಾನು ಮನೆಯಲ್ಲಿ ಕೂತು ಎರಡು ವರ್ಷವಾಯಿತು. ನನ್ನ ನಂಬರು ಮಾತ್ರ ಯಾರ್ಯಾರ ಮೊಬೈಲಿನಲ್ಲೋ ಉಳಿದುಕೊಂಡಿದೆ. ಅವರು ನಿಜವಾಗಿ ಕೇಳುವುದಿಲ್ಲ. ಮನಸ್ಸಿನಲ್ಲಿ ಒಂದು ಕ್ಯಾಮ್ ಗೊತ್ತು ಮಾಡಿಕೊಂಡು, ನನ್ನಿಂದ ಹೂಂ ಅನ್ನಿಸಿಕೊಳ್ಳಲು ಬರುತ್ತಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ನಿನ್ನ ಕಾರು ದಿನದಲ್ಲಿ ಎಷ್ಟು ಹೊತ್ತು ಎರಡನೇ ಗೇರಿನಲ್ಲಿರುತ್ತದೆ?" ಅರ್ಧ ಜನ ಅಲ್ಲಿಗೇ ಫೋನ್ ಇಡುತ್ತಾರೆ.

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಮೊದಲು ಇಷ್ಟು ಹೇಳಿಬಿಡುತ್ತೇನೆ. ಎಂಜಿನ್ ಉಸಿರಾಡುವುದು ವಾಲ್ವ್‌ಗಳ ಮೂಲಕ. ಆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಒತ್ತಿ ತೆರೆಯುವುದು ಕ್ಯಾಮ್‌ಶಾಫ್ಟ್, ಅಂದರೆ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಕಬ್ಬಿಣದ ಸಲಾಕೆ. ಉಬ್ಬು ದೊಡ್ಡದಾದರೆ ವಾಲ್ವ್ ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದಿರುತ್ತದೆ. ಖಾಲಿ ಹೈವೇಯಲ್ಲಿ ಜೋರಾಗಿ ಓಡಿಸುವಾಗ ಅದು ಒಳ್ಳೆಯದು. ಸಾಂತಾಕ್ರೂಜ್‌ನಿಂದ ಮಲಾಡಿನವರೆಗೆ ಸಂಜೆಯ ಟ್ರಾಫಿಕ್ಕಿನಲ್ಲಿ ಎರಡನೇ ಗೇರು ಹಾಕಿಕೊಂಡು ತೆವಳುವಾಗ ಅದೇ ಕ್ಯಾಮ್ ಕಾರನ್ನು ಕತ್ತೆ ಮಾಡುತ್ತದೆ. ಮೇಲೆ ಸಿಕ್ಕಿದ್ದನ್ನು ಕೆಳಗೆ ಕಳೆದುಕೊಳ್ಳಲೇಬೇಕು. ಎರಡೂ ಬೇಕು ಅನ್ನುವವನಿಗೆ ಕ್ಯಾಮ್ ಮಾರುವವನು ಸುಳ್ಳ. ನಾನು ಮೂವತ್ತು ವರ್ಷ ಅಂಥ ಅಂಗಡಿಯಲ್ಲಿದ್ದೆ.

ನಮ್ಮಪ್ಪ ಬಾಗಲಕೋಟೆ ಕಡೆಯಿಂದ ಬಂದು ಪವಾಯಿಯಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬುಟ್ಟಿ ಹೊತ್ತವನು. ಅವ್ವ ಅದೇ ಸೈಟಿನಲ್ಲಿ ಮರಳು ಜರಡಿ ಹಿಡಿದಳು. ಹಗಲು ಲೇತ್ ಮಶೀನಿನ ಮುಂದೆ ನಿಂತು, ಸಂಜೆ ಕಾಲೇಜಿಗೆ ಹೋಗಿ ನಾನು ಎಂಜಿನಿಯರ್ ಆದೆ. ಎರಡು ಸಲ ಗಣಿತದಲ್ಲಿ ಫೇಲಾಗಿ, ಮೂರನೇ ಸಲ ಪಾಸಾದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಪದವಿಯ ಕಾಗದ ಬಂದ ದಿನ ಅಪ್ಪ ಅದನ್ನು ಮುಟ್ಟಲಿಲ್ಲ. "ಕೈ ಸಿಮೆಂಟ್ ಆಗ್ಯಾವ, ನೀನ ಹಿಡಿ," ಅಂದ.

ನನ್ನನ್ನು ಮಲಾಡಿನ ಗ್ಯಾರೇಜಿಗೆ ಸೇರಿಸಿದವನು ಯಮನಪ್ಪ ಕಾಕಾ. ಸಂಬಂಧಿಕನಲ್ಲ, ಅಪ್ಪನ ಊರಿನ ಪಕ್ಕದ ಊರಿನವನು. ಮೊದಲು ಇಬ್ಬರೂ ಒಂದೇ ಸೈಟಿನಲ್ಲಿ ಬುಟ್ಟಿ ಹೊತ್ತಿದ್ದರು. ಆಮೇಲೆ ಕಾಕಾ ಗ್ಯಾರೇಜಿನಲ್ಲಿ ಪಾರ್ಟ್ ತೊಳೆಯುವ ಕೆಲಸಕ್ಕೆ ಸೇರಿ, ನೋಡುತ್ತ ನೋಡುತ್ತ ಎಂಜಿನ್ ಕಲಿತ. ನಾನು ಸೇರುವ ಹೊತ್ತಿಗೆ ಅವನೇ ಅಲ್ಲಿಯ ದೊಡ್ಡ ಮಿಸ್ತ್ರಿ. ಓದಲು ಬರೆಯಲು ಬರುತ್ತಿರಲಿಲ್ಲ. ಗ್ಯಾರೇಜಿನ ಮಾಲೀಕ ಸೇಠನ ಮುಂದೆ ನನ್ನನ್ನು ನಿಲ್ಲಿಸಿ ಅವನು ಹೇಳಿದ್ದು ಒಂದೇ ಮಾತು: "ಸೇಠ್, ಯೇ ಪಢಾ ಹುವಾ ಹೈ. ಅಪನೇ ಘರ್ ಕಾ ಹೈ."

ನಾನು ಮನೆಯ ಹುಡುಗ ಎಂಬುದು ಸೇಠನಿಗೆ ಬೇಕಿರಲಿಲ್ಲ, ಓದಿದವನು ಎಂಬುದು ಬೇಕಿತ್ತು. ನನ್ನ ಸರ್ಟಿಫಿಕೇಟಿನ ಝೆರಾಕ್ಸ್ ತರಿಸಿ, ಫ್ರೇಮು ಕಟ್ಟಿಸಿ, ಗಿರಾಕಿ ಕೂರುವ ಸೋಫಾದ ಎದುರಿಗೆ ನೇತುಹಾಕಿದ. ಪಕ್ಕದಲ್ಲೇ ಗಣಪತಿ. ಬಂದವರಿಗೆಲ್ಲ, "ನಮ್ಮಲ್ಲಿ ಕ್ಯಾಮ್ ಆರಿಸೋದು ಎಂಜಿನಿಯರ್ ಸಾಬ್, ಮಿಸ್ತ್ರಿ ಅಲ್ಲ," ಎಂದು ತೋರಿಸುತ್ತಿದ್ದ. ನನಗೆ ಅದರಿಂದ ಖುಷಿಯಾಗುತ್ತಿತ್ತು. ಹಾಗೆ ತೋರಿಸುವಾಗ ಕಾಕಾ ಅಲ್ಲೇ ನಿಂತಿರುತ್ತಿದ್ದ ಎಂಬುದು ಎಷ್ಟೋ ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ.

ಗಿರಾಕಿಗಳಲ್ಲಿ ಮುಕ್ಕಾಲು ಜನರಿಗೆ ಬೇಕಾದದ್ದು ಶಕ್ತಿಯಲ್ಲ, ಸದ್ದು. ದೊಡ್ಡ ಕ್ಯಾಮ್ ಹಾಕಿದ ಎಂಜಿನ್ ಸಿಗ್ನಲ್ಲಿನಲ್ಲಿ ನಿಂತಾಗ ಸಮನಾಗಿ ಓಡುವುದಿಲ್ಲ. ದಡಕ್ ದಡಕ್ ಎಂದು ಎಡವುತ್ತದೆ. ಪಕ್ಕದ ಕಾರಿನವರು ತಿರುಗಿ ನೋಡುತ್ತಾರೆ. ಅಷ್ಟಕ್ಕಾಗಿ ಜನ ಒಳ್ಳೆಯ ಎಂಜಿನ್ನಿನ ಹೊಟ್ಟೆ ಬಗೆಸುತ್ತಾರೆ. ಒಬ್ಬ ಬಿಲ್ಡರನ ಮಗ ಇದ್ದ. ಬೇಡ ಎಂದು ನಾನು ಬರೆದುಕೊಟ್ಟರೂ ಎಲ್ಲಕ್ಕಿಂತ ದೊಡ್ಡದನ್ನು ಹಾಕಿಸಿಕೊಂಡ. ನಾಲ್ಕು ಸಲ ಕಾರು ವಾಪಸು ಬಂತು. ಎಸಿ ಹಾಕಿದರೆ ಪ್ರತಿ ಸಿಗ್ನಲ್ಲಿಗೂ ಎಂಜಿನ್ ಸತ್ತುಹೋಗುತ್ತಿತ್ತು. "ಎಸಿ ಬಂದ್ ಮಾಡಿಕೊಳ್ಳಿ," ಅಂದೆ. "ಮೇ ತಿಂಗಳಲ್ಲಿ?" ಅಂದ. ಹಿಂದಿನಿಂದ ಕಾಕಾ ಕನ್ನಡದಲ್ಲಿ, "ಬಸೂ, ಇವಂಗ ಕ್ಯಾಮ್ ಬ್ಯಾಡ. ಹಿಂದ ಒಂದು ತಗಡಿನ ಡಬ್ಬಿ ಕಟ್ಟು. ಸಪ್ಪಳಾನೂ ಬರತೈತಿ, ಎಂಜಿನ್ನೂ ಉಳಿತೈತಿ," ಅಂದ. ನನಗೆ ನಗು ತಡೆಯಲಾಗಲಿಲ್ಲ. ಗಿರಾಕಿಯನ್ನು ನೋಡಿ ನಕ್ಕದ್ದಕ್ಕೆ ಸೇಠ್ ಬೈದದ್ದು ಕಾಕಾನನ್ನು.

ನಾನು ಒಂದು ಪ್ರಶ್ನೆಪಟ್ಟಿ ತಯಾರಿಸಿದೆ. ಕಾರಿನಲ್ಲಿ ಎಷ್ಟು ಜನ ಕೂರುತ್ತಾರೆ, ಘಾಟಿ ಹತ್ತುತ್ತೀರಾ, ಎಸಿ ಎಷ್ಟು ಹೊತ್ತು, ಎರಡನೇ ಗೇರು ಎಷ್ಟು ಹೊತ್ತು. ಸೇಠ್ ಅದನ್ನು ನೋಡಿ, "ಇದು ಡಾಕ್ಟರ್ ದವಾಖಾನೆ ಅಲ್ಲ. ಗಿರಾಕಿ ಯೋಚನೆ ಮಾಡೋಕೆ ಶುರು ಮಾಡಿದರೆ ಮನೆಗೆ ಹೋಗ್ತಾನೆ," ಅಂದ. ಆದರೂ ಬಿಡದೆ ಬಾಯಲ್ಲೇ ಕೇಳುತ್ತಿದ್ದೆ. ಆ ಮಟ್ಟಿಗೆ ನಾನು ಒಳ್ಳೆಯ ಕೆಲಸಗಾರ.

ನಮ್ಮ ಗ್ಯಾರೇಜಿನಲ್ಲಿ ಎರಡು ಪದ್ಧತಿಗಳಿದ್ದವು. ಎರಡೂ ಕಾಕಾನವು.

ಒಂದು, ಜೇಡಿ. ಶಾಲೆಯ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಪಿಸ್ಟನ್ನಿನ ತಲೆಯ ಮೇಲೆ ಒತ್ತಿ, ವಾಲ್ವಿಗೆ ಒಂದು ಹನಿ ಎಣ್ಣೆ ಸವರಿ, ಹೊಸ ಕ್ಯಾಮ್ ಹಾಕಿ, ಎಂಜಿನ್ನಿನ ಮುಚ್ಚಳದಂಥ ಹೆಡ್ ಕೂರಿಸಿ ಬಿಗಿದು, ಕೈಯಿಂದ ಎಂಜಿನ್ನನ್ನು ಎರಡು ಸುತ್ತು ತಿರುಗಿಸುವುದು. ಮತ್ತೆ ಹೆಡ್ ಬಿಚ್ಚುವುದು. ವಾಲ್ವ್ ಬಂದು ಒತ್ತಿದ ಜಾಗದಲ್ಲಿ ಜೇಡಿಯನ್ನು ಬ್ಲೇಡಿನಿಂದ ಕೊಯ್ದು ದಪ್ಪ ನೋಡುವುದು. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಜಾಗ ಸಾಲದಿದ್ದರೆ, ಕೈಯಿಂದ ತಿರುಗಿಸಿದಾಗ ಏನೂ ತಾಗದಿದ್ದರೂ ಎಂಜಿನ್ ಜೋರಾಗಿ ಓಡುವಾಗ ಎರಡೂ ಒಂದಕ್ಕೊಂದು ಬಡಿಯುತ್ತವೆ. ಈ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತಿತ್ತು.

ಇನ್ನೊಂದು, ಗುರುತು. ಎಂಜಿನ್ ಮುಚ್ಚುವ ಮೊದಲು ಕ್ಯಾಮ್‌ಶಾಫ್ಟಿನ ಹಿಂದಿನ ತುದಿಯಲ್ಲಿ ಅದನ್ನು ಆರಿಸಿದವನು ತನ್ನ ಗುರುತು ಹೊಡೆಯಬೇಕು, ಕೂರಿಸಿದವನು ತನ್ನದು. ನನ್ನದು ಇಂಗ್ಲಿಷಿನ ಬಿ ಅಕ್ಷರ. ಅಕ್ಷರದ ಅಚ್ಚನ್ನು ನಾನೇ ಕೊಂಡುತಂದಿದ್ದೆ. ಕಾಕಾನದು ಒಂದು ಚುಕ್ಕಿ. ಮೊನಚಾದ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಒಂದು ಮೆಲ್ಲನೆಯ ಏಟು. ಎಂಜಿನ್ ಮತ್ತೆ ಬಿಚ್ಚಿದಾಗ ಯಾರ ಕೆಲಸ ಎಂದು ಕೇಳುವಂತೆಯೇ ಇರಲಿಲ್ಲ.

ಸಾಂತಾಕ್ರೂಜ್‌ನಲ್ಲಿ ಹೋಟೆಲಿದ್ದ ಸುಧಾಕರ ಶೆಟ್ಟರು ಬಂದದ್ದು ನಾನು ಸೇರಿ ಹತ್ತು ವರ್ಷವಾದ ಮೇಲೆ. ಉಡುಪಿ ಕಡೆಯವರು. ಊರಿಗೆ ಕಾರಿನಲ್ಲೇ ಹೋಗಿ ಬರುವವರು. ಸೋಫಾದಲ್ಲಿ ಕೂತು, ಗೋಡೆಯ ಮೇಲಿದ್ದ ನನ್ನ ಸರ್ಟಿಫಿಕೇಟನ್ನು ಪೂರ್ತಿ ಓದಿದರು.

"ನೋಡಿ ಮಾರಾಯ್ರೆ, ನನಗೆ ಸದ್ದುಗಿದ್ದು ಎಂತದೂ ಬೇಡ. ಘಾಟಿಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಎಳೆಯುದಿಲ್ಲ ಇದು. ಹೆಂಡತಿ ಮಕ್ಕಳು ಕೂತಿರ್ತಾರೆ. ಸ್ವಲ್ಪ ಎಳೆತ ಬೇಕು, ಅಷ್ಟೆ. ಆಗ್ತದಾ?"

ಅಂಥ ಗಿರಾಕಿಗಾಗಿ ನಾನು ಹತ್ತು ವರ್ಷ ಕಾದಿದ್ದೆ. ಏನು ಬೇಕು ಎಂದು ಗೊತ್ತಿದ್ದ ಮೊದಲ ಮನುಷ್ಯ. ನನ್ನ ಪಟ್ಟಿಯ ಎಲ್ಲ ಪ್ರಶ್ನೆಗೂ ಸಮಾಧಾನದಿಂದ ಉತ್ತರ ಕೊಟ್ಟರು. ಅವರಿಗೆ ಚಿಕ್ಕ ಕ್ಯಾಮೇ ಸರಿ ಎಂದು ತೀರ್ಮಾನಿಸಿದೆ. ಆ ತೀರ್ಮಾನ ಈಗಲೂ ಸರಿಯೇ.

ಆಗಷ್ಟೇ ಹೊರದೇಶದ ಒಂದು ಹೊಸ ಕಂಪನಿಯ ಕ್ಯಾಮ್‌ಗಳು ಬರತೊಡಗಿದ್ದವು. ಪ್ರತಿಯೊಂದರ ಜೊತೆಗೂ ಅಂಕಿಗಳ ಕಾರ್ಡು. ಎಂಜಿನ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಎಂದು ಅದರಲ್ಲಿರುತ್ತದೆ. ನಾವು ಮೊದಲಿನಿಂದ ಬಳಸುತ್ತಿದ್ದ ಚಿಕ್ಕ ಕ್ಯಾಮಿನ ಅಂಕಿ ಇನ್ನೂರ ಅರುವತ್ತು. ಈ ಹೊಸದರದ್ದು ಇನ್ನೂರ ನಲವತ್ತು. ಇನ್ನೂ ಚಿಕ್ಕದು, ಇನ್ನೂ ಸುರಕ್ಷಿತ ಎಂದುಕೊಂಡೆ. ಕಾಗದ ತೆಗೆದು, ವಾಲ್ವಿಗೂ ಪಿಸ್ಟನ್ನಿಗೂ ಉಳಿಯುವ ಜಾಗವನ್ನು ಲೆಕ್ಕ ಹಾಕಿದೆ. ಬೇಕಾದಷ್ಟು ಜಾಗ ಬಂತು.

ಕಾಕಾ ಜೇಡಿಯ ಡಬ್ಬಿ ಹಿಡಿದು ಬಂದ.

"ಬೇಡ ಕಾಕಾ. ಲೆಕ್ಕ ಆಗಿದೆ."

"ಲೆಕ್ಕ ಆಗಲಿ. ಹೊಸಾ ಕಂಪನಿದು ಐತಿ. ಒಮ್ಮಿ ಒತ್ತಿ ನೋಡೂಣು."

"ಶೆಟ್ಟರು ಸಂಜೆಗೆ ಬರ್ತಾರೆ. ನಾಳೆ ಊರಿಗೆ ಹೊರಟಿದ್ದಾರೆ."

"ನಾಡದ ಹೋಗ್ತಾರ. ಊರು ಎಲ್ಲೆ ಹೋಗತೈತಿ?"

ಆಗ ನಾನು ಅಂದ ಮಾತನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ. "ಕಾಕಾ, ನಾನು ಅಷ್ಟು ವರ್ಷ ಓದಿದ್ದು ಆಟದ ಮಣ್ಣು ಒತ್ತೋದಕ್ಕಲ್ಲ."

ಅವನು ಡಬ್ಬಿಯ ಮುಚ್ಚಳ ಹಾಕಿದ. "ಹಂಗಾದ್ರ ನೀನ ಕೂಡಿಸು. ನಾ ನೋಡಲಾರದ್ದಕ್ಕ ಚುಕ್ಕಿ ಹೊಡಿಯಂಗಿಲ್ಲ," ಎಂದು ಬೇರೆ ಕಾರಿನ ಕೆಳಗೆ ಹೋಗಿ ಮಲಗಿದ.

ನಾನೇ ಕೂರಿಸಿದೆ. ಕೈಯಿಂದ ತಿರುಗಿಸಿದೆ, ಎಲ್ಲೂ ತಾಗಲಿಲ್ಲ. ನನ್ನ ಬಿ ಹೊಡೆದೆ. ಪಕ್ಕದ ಜಾಗ ಖಾಲಿ ಉಳಿಯಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಶೆಟ್ಟರ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಊರಿನ ದಾರಿ ಹಿಡಿಯುವ ಮೊದಲೇ, ಹೈವೇಯಲ್ಲಿ ಒಂದು ಟ್ರಕ್ಕನ್ನು ದಾಟಲು ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದ್ದಾರೆ. ಟಕ್ ಎಂದು ಸದ್ದಾಗಿ ಎಂಜಿನ್ ಸತ್ತಿದೆ. ನಡುರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳು, ಹಿಂದಿನಿಂದ ಬಂದ ಟ್ರಕ್ಕು ಒಂದು ಗೇಣು ಉಳಿಸಿ ಪಕ್ಕಕ್ಕೆ ಹೊರಳಿದೆ. ಶೆಟ್ಟರು ಈ ಸಲ ಸೋಫಾದಲ್ಲಿ ಕೂರಲಿಲ್ಲ.

ಹೆಡ್ ಬಿಚ್ಚಿದೆ. ನಾಲ್ಕು ವಾಲ್ವ್ ಬಗ್ಗಿದ್ದವು. ಪಿಸ್ಟನ್ನುಗಳ ಮೇಲೆ ಅರ್ಧಚಂದ್ರದ ಗಾಯ. ಕ್ಯಾಮನ್ನು ಒಳಗೆ ಒಯ್ದು ಉಬ್ಬಿನ ಎತ್ತರ ಅಳೆಯುವ ಡಯಲ್ ಗೇಜ್ ಹಚ್ಚಿ ತಿರುಗಿಸಿ ನೋಡಿದೆ. ಹತ್ತು ನಿಮಿಷದಲ್ಲಿ ಗೊತ್ತಾಯಿತು. ನಮ್ಮ ಹಳೆಯ ಕಂಪನಿ ವಾಲ್ವ್ ಅಲುಗಾಡಿದ ಕ್ಷಣದಿಂದಲೇ ಡಿಗ್ರಿ ಎಣಿಸುತ್ತಿತ್ತು. ಹೊಸ ಕಂಪನಿ ವಾಲ್ವ್ ಒಂದು ಮಿಲಿಮೀಟರ್ ಏರಿದ ಮೇಲೆ ಎಣಿಸಲು ಶುರು ಮಾಡುತ್ತಿತ್ತು. ಅಂಕಿ ಚಿಕ್ಕದು, ಕ್ಯಾಮ್ ದೊಡ್ಡದು. ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿದ್ದರು. ಓದು ಬಾರದವನು ಜೇಡಿಯಲ್ಲಿ ನೋಡುತ್ತಿದ್ದುದನ್ನು, ಓದು ಬಂದವನು ಓದಿರಲಿಲ್ಲ.

ಸೇಠ್ ಒಳಗೆ ಬಂದ. ನಾನು ಹೇಳಿದೆ; ಪೂರ್ತಿ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಕ್ಯಾಮಿನ ತುದಿಯನ್ನು ಬೆಳಕಿಗೆ ಹಿಡಿದು, "ಬುಡ್ಢಾನ ಚುಕ್ಕಿ ಎಲ್ಲಿ?" ಅಂದ.

"ಅವನು ಕೂರಿಸಲಿಲ್ಲ."

"ಹೊರಗೆ ಸೋಫಾದ ಮುಂದೆ ಏನು ನೇತುಹಾಕಿದೀನಿ, ಗೊತ್ತಲ್ಲ? ಎಂಜಿನಿಯರ್ ತಪ್ಪು ಮಾಡಿದ ಅಂದರೆ ಅಂಗಡಿ ಮುಚ್ಚಬೇಕು. ಮಿಸ್ತ್ರಿ ತಪ್ಪು ಮಾಡಿದರೆ ಮಿಸ್ತ್ರಿ ಹೋಗ್ತಾನೆ. ಬುಡ್ಢಾ ಕ್ಯಾಮ್ ತಿರುಗಿಸೋ ಬೆಲ್ಟನ್ನು ಒಂದು ಹಲ್ಲು ತಪ್ಪಿಸಿ ಹಾಕಿದ ಅಂತ ಹೇಳೋಣ." ಆಮೇಲೆ ಪಂಚು ಸುತ್ತಿಗೆಗಳನ್ನು ನನ್ನ ಮುಂದೆ ಇಟ್ಟ. ತಾನು ಮುಟ್ಟಲಿಲ್ಲ. "ಯೋಚನೆ ಮಾಡು," ಎಂದು ಹೊರಗೆ ಹೋದ.

ಯೋಚನೆ ಮಾಡಲು ನಾನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಅಪ್ಪನ ಬುಟ್ಟಿ ನೆನಪಾಯಿತು, ಸಂಜೆ ಕಾಲೇಜು ನೆನಪಾಯಿತು, ಆ ಫ್ರೇಮನ್ನು ಗೋಡೆಯಿಂದ ಇಳಿಸುವುದನ್ನು ಕಲ್ಪಿಸಿಕೊಂಡೆ. ನನ್ನ ಬಿ ಅಕ್ಷರದ ಪಕ್ಕದಲ್ಲಿ ಪಂಚ್ ಇಟ್ಟು ಹೊಡೆದೆ. ಒಂದೇ ಏಟು.

ಸೇಠ್ ಕ್ಯಾಮನ್ನು ಶೆಟ್ಟರಿಗೆ ತೋರಿಸಿದ. ಕಾಕಾನನ್ನು ಕರೆಸಿದ. ಶೆಟ್ಟರ ಸಿಟ್ಟು ಅಷ್ಟೂ ಕಾಕಾನ ಮೇಲೆ ಬಿತ್ತು. "ಮಕ್ಕಳು ಕೂತಿದ್ರು ಮಾರಾಯ ಹಿಂದೆ! ಕಣ್ಣು ಕಾಣುದಿಲ್ಲ ಅಂತಾದ್ರೆ ಮನೆಯಲ್ಲಿ ಕೂರ್ಬೇಕು!" ಕಾಕಾ ಕ್ಯಾಮನ್ನು ಕೈಗೆ ತೆಗೆದುಕೊಂಡ. ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಉಗುರಿನಿಂದ ಕೆರೆದ.

"ಈ ಚುಕ್ಕಿ ನಂದಲ್ರಿ. ಆಳ ಆಗೇತಿ. ನನ್ನ ಚುಕ್ಕಿ ಉಗುರಿಗೆ ಸಿಗೂದಿಲ್ಲ."

ಸೇಠ್ ನಕ್ಕ. "ಚುಕ್ಕಿಗೆ ಎಲ್ಲಿಯ ಕೈಬರಹ?"

ಕಾಕಾ ನನ್ನ ಕಡೆ ತಿರುಗಿದ. "ಬಸೂ, ನೀ ಹೇಳು."

ಶೆಟ್ಟರೂ ನನ್ನ ಕಡೆ ನೋಡಿದರು. ಗೋಡೆಯ ಮೇಲಿನ ಕಾಗದದ ಕೆಳಗೇ ನಾನು ನಿಂತಿದ್ದೆ.

"ನಿಂದ ಐತಿ, ಕಾಕಾ," ಅಂದೆ. ಹತ್ತು ವರ್ಷ ಅವನ ಜೊತೆ ಪೇಟೆಯ ಕನ್ನಡ ಆಡಿದವನು, ಆವತ್ತು ಯಾಕೋ ಮನೆಯ ಮಾತಿನಲ್ಲಿ ಹೇಳಿದೆ.

ಅವನು ಕ್ಯಾಮನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಕೈ ತೊಳೆದು, ಊಟದ ಡಬ್ಬಿ ತೆಗೆದುಕೊಂಡು ಹೋದ. ಬೆಲ್ಟ್ ತಪ್ಪಿಸಿದ ಮಿಸ್ತ್ರಿ ಎಂಬ ಹೆಸರು ಅವನಿಗಿಂತ ಮೊದಲೇ ಎಲ್ಲ ಗ್ಯಾರೇಜುಗಳಿಗೂ ಹೋಗಿ ಮುಟ್ಟಿತ್ತು. ಯಾರೂ ಎಂಜಿನ್ ಮುಟ್ಟಗೊಡಲಿಲ್ಲ. ಪವಾಯಿಯಲ್ಲಿ, ಹಿಂದೆ ಅಪ್ಪನ ಜೊತೆ ತಾನೇ ಇಟ್ಟಿಗೆ ಹೊತ್ತು ಕಟ್ಟಿದ ಒಂದು ಬಿಲ್ಡಿಂಗಿನ ಗೇಟಿನಲ್ಲಿ ವಾಚ್‌ಮನ್ ಆದ.

ಅಪ್ಪ ಇದನ್ನು ಕೇಳಿದ್ದು ಕಾಕಾನಿಂದಲ್ಲ, ಊರಿನವರಿಂದ. "ಯಮನಪ್ಪ ತಪ್ಪು ಮಾಡಿದನಂತಲ್ಲ?" ಎಂದು ನನ್ನನ್ನು ಕೇಳಿದ. ಹೂಂ ಅಂದೆ. ಅದನ್ನು ನಂಬಿಕೊಂಡೇ ಅಪ್ಪ ಸತ್ತ.

ಆಮೇಲೆ ನಾನು ಆ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಇದ್ದೆ. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು, ಸುತ್ತಿಗೆ ಹೋಗಿ ಲ್ಯಾಪ್‌ಟಾಪ್ ಬಂತು. ಈಗಿನವರು ಕ್ಯಾಮ್ ಆರಿಸುವ ಮೊದಲೇ ಎಂಜಿನ್ ಹೇಗೆ ಓಡುತ್ತದೆ ಎಂದು ಪರದೆಯ ಮೇಲೆ ನೋಡಿಬಿಡುತ್ತಾರೆ. ಒಳ್ಳೆಯದೇ. ಆದರೆ ಪರದೆಗೆ ನೀವು ಕೊಟ್ಟ ಅಂಕಿಯೇ ಗೊತ್ತು. ಅದನ್ನು ಎಲ್ಲಿಂದ ಎಣಿಸಿದ್ದು ಎಂದು ಅದು ನಿಮ್ಮನ್ನು ಕೇಳುವುದಿಲ್ಲ. ಅಂದಿನಿಂದ ನಾನು ಜೇಡಿ ಒತ್ತದೆ ಒಂದು ಎಂಜಿನ್ನೂ ಮುಚ್ಚಲಿಲ್ಲ. ಹೊಸಬರು ನಕ್ಕರೆ, "ನಗಿ, ಆದರೆ ಒತ್ತಿ," ಅನ್ನುತ್ತಿದ್ದೆ. ಯಾರು ಕಲಿಸಿದ್ದು ಎಂದು ಮಾತ್ರ ಹೇಳುತ್ತಿರಲಿಲ್ಲ. ಗುರುತು ಹೊಡೆಯುವ ಪದ್ಧತಿಯನ್ನು ಸೇಠ್ ನಿಲ್ಲಿಸಿಬಿಟ್ಟ.

ಕೆಲಸ ಬಿಡುವ ದಿನ ಹೂಮಾಲೆ ಹಾಕಿ, ಫ್ರೇಮನ್ನು ಇಳಿಸಿ ನನ್ನ ಕೈಗೇ ಕೊಟ್ಟರು. ಅದನ್ನು ಹಿಡಿದುಕೊಂಡು ಲೋಕಲ್ ರೈಲು ಹತ್ತುವಾಗ, ಸೇರುವ ದಿನ ಯಾರ ಜೊತೆ ಇಳಿದಿದ್ದೆ ಎಂಬುದು ನೆನಪಾಯಿತು. ಆದರೂ ಪವಾಯಿಗೆ ಹೋಗಲು ನನಗೆ ಮತ್ತೆ ಎರಡು ವರ್ಷ ಬೇಕಾಯಿತು.

ಕಾಕಾ ಈಗ ವಾಚ್‌ಮನ್ ಕೆಲಸವನ್ನೂ ಬಿಟ್ಟು ಅಲ್ಲೇ ಮಗಳ ಮನೆಯಲ್ಲಿದ್ದಾನೆ. ಒಂದು ಕಣ್ಣು ಪೂರ್ತಿ ಹೋಗಿದೆ. ಗುರುತು ಹಿಡಿದ. "ಬಾ ಬಸೂ. ಚಹಾ ಕುಡಿತಿ?" ಅಂದ. ನಾನು ಕೂತು ಎಲ್ಲವನ್ನೂ ಹೇಳಿದೆ: ಕಾರ್ಡು, ಒಂದು ಮಿಲಿಮೀಟರು, ಪಂಚು.

"ಇದನ್ನ ನನಗ್ಯಾಕ ಹೇಳ್ತಿ? ನನಗ ಗೊತ್ತ ಐತಲ್ಲ," ಅಂದ ಕೊನೆಗೆ. "ಶೆಟ್ರಿಗೆ ಹೇಳಿದೇನು?"

ಮರುದಿನ ಸಾಂತಾಕ್ರೂಜ್‌ಗೆ ಹೋದೆ. ಶೆಟ್ಟರು ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಲ್ಲಾದ ಮೇಲೆ ಮಗ. ಪೂರ್ತಿ ಕೇಳಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

"ನನಗೆ ಆವಾಗಲೇ ಸಂಶಯ ಬಂದದ್ದು ಉಂಟು. ಕೈಯಲ್ಲಿ ಹಿಡಿದು ನೋಡಿ ಹಾಗೆ ಹೇಳುವವ ಸುಳ್ಳು ಹೇಳುದಿಲ್ಲ. ಆದ್ರೆ ಎಂತ ಮಾಡುದು, ನಿಮ್ಮ ಸರ್ಟಿಫಿಕೇಟ್ ಗೋಡೆ ಮೇಲೆ ಇತ್ತಲ್ಲ." ಆಮೇಲೆ, "ಬಾಯಲ್ಲಿ ಬೇಡ. ಬರೆದು ಕೊಡಿ. ನನಗಲ್ಲ, ಅವರಿಗೆ," ಎಂದು ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ನನ್ನ ಮುಂದೆ ಇಟ್ಟರು. ಕೆಳಗೆ ಸಾಕ್ಷಿ ಎಂದು ಅವರೂ ಸಹಿ ಹಾಕಿದರು.

ಅಲ್ಲಿಂದ ನೇರ ಪವಾಯಿಗೆ ಬಂದೆ. ಕಾಕಾನಿಗೆ ಓದಲು ಬರುವುದಿಲ್ಲವಾದ್ದರಿಂದ ನಾನೇ ಓದಿದೆ. ಮಗಳು ಒಲೆ ಸಣ್ಣ ಮಾಡಿ ಬಾಗಿಲಲ್ಲಿ ನಿಂತು ಕೇಳಿದಳು. "ಆ ಕ್ಯಾಮ್ ಆರಿಸಿದವನು ನಾನು. ಕೂರಿಸಿದವನು ನಾನು. ಯಮನಪ್ಪನ ಚುಕ್ಕಿ ಹೊಡೆದವನೂ ನಾನು." ಕೆಳಗೆ ನನ್ನ ಪೂರ್ತಿ ಹೆಸರು, ಹೆಸರಿನ ಮುಂದೆ ಪದವಿ.

ಅವನು ಹಾಳೆ ಇಸಿದುಕೊಂಡ. ಒಳ್ಳೆಯ ಕಣ್ಣಿನ ಹತ್ತಿರ ತಂದು ನೋಡಿ, ತಿರುವಿದ. ಬಾಲ್ ಪೆನ್ನನ್ನು ನಾನು ಒತ್ತಿ ಬರೆದಿದ್ದರಿಂದ ಸಹಿ ಹಿಂಬದಿಗೆ ಉಬ್ಬಿ ನಿಂತಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದ.

"ಇದೂ ಆಳ ಆಗೇತಿ," ಅಂದ.